ಮೋಟಾರಿನ ಬಿಳಿಯ ಹೊಗೆ

ತರ್ಕಶಾಸ್ತ್ರವನ್ನು ಓದತೊಡಗಿದವನಿಗೆ ಗುರುಗಳು ಹೇಳಿಕೊಡುವ ಮೊದಲ ಪಾಠವೇ ಹೊಗೆಯದು. ದೂರದ ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಹೊಗೆಯಿರುವಲ್ಲಿ ಬೆಂಕಿಯಿರುವುದನ್ನು ನಾವು ಅಡಿಗೆಯ ಮನೆಯಲ್ಲಿ ನಿತ್ಯವೂ ಕಂಡಿದ್ದೇವೆ. ಆದುದರಿಂದ ಆ ಬೆಟ್ಟದ ಮೇಲೂ ಬೆಂಕಿಯಿರಲೇಬೇಕು. ಆದರೆ ನಮ್ಮ ಹಿಂದಿನ ತಾರ್ಕಿಕರು ಇದರೊಡನೆಯೇ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಕಂಡದ್ದು ಹೊಗೆಯೋ, ಇಲ್ಲವೆ ಬರಿಯ ಆವಿಯೋ ಎಂಬ ಸಂದೇಹ ಉಳಿದಿರುವಾಗಲೇ ಬೆಂಕಿಯನ್ನು ಊಹಿಸಹೊರಟರೆ ಆ ಊಹೆಗೆ ಬೆಲೆಯಿಲ್ಲ.

ಈ ಪಾಠವನ್ನು ನಾನು ಕಲಿತದ್ದು ಯಾವ ಪಾಠಶಾಲೆಯಲ್ಲಿಯೂ ಅಲ್ಲ. ಮುಲುಂಡಿನ ನಮ್ಮ ಕಟ್ಟಡದ ಅಂಗಳದಲ್ಲಿ, ಎಂಟು ವರ್ಷ ಹಳೆಯದಾದ ನಮ್ಮ ಸಣ್ಣ ಪೆಟ್ರೋಲು ಮೋಟಾರಿನ ಬೆನ್ನ ಹಿಂದೆ ನಿಂತು. ಮೋಟಾರನ್ನು ನಡೆಸಲು ಬಲ್ಲವರಾದರೂ ಅದರ ಮುಚ್ಚಳದ ಕೆಳಗೆ ನಡೆಯುವುದೇನೆಂಬುದನ್ನು ಅರಿಯದವರು ನನ್ನಂತೆ ನಮ್ಮ ಸಂಘದ ಬಂಧುಗಳಲ್ಲಿ ಇನ್ನೂ ಅನೇಕರಿರಬಹುದು. ಅವರಿಗಾಗಿ, ಆದುದನ್ನು ಆದಂತೆಯೇ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಅದು ಜನವರಿ ತಿಂಗಳ ಒಂದು ಬೆಳಗು. ಫೆಬ್ರವರಿಯಲ್ಲಿ ಊರಿನಲ್ಲಿ, ಎಂದರೆ ಉಡುಪಿಯ ಕಡೆಯಲ್ಲಿ, ನನ್ನ ಸೋದರಮಾವನ ಮೊಮ್ಮಗಳ ಮದುವೆ. ಎಂಬತ್ತು ದಾಟಿದ ನನ್ನ ತಾಯಿಗೆ ತನ್ನ ತವರಿನಲ್ಲಿ ನಡೆಯುವ ಕೊನೆಯ ಮದುವೆ ಇದೇ ಎಂಬ ಭಾವನೆ. ರೈಲಿನ ಮೆಟ್ಟಿಲುಗಳನ್ನು ಹತ್ತಿ ಇಳಿಯುವುದು ಅವಳ ಮೊಣಕಾಲಿಗೆ ಆಗದ ಮಾತು; ಆದುದರಿಂದ ಮೋಟಾರಿನಲ್ಲೇ ಕರೆದುಕೊಂಡು ಹೋಗುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಪನವೇಲ, ಮಹಾಡ, ಚಿಪಳೂಣ, ಸಾವಂತವಾಡಿಗಳನ್ನು ದಾಟಿ, ಗೋವೆಯನ್ನು ಹಾದು, ೮೦೦ ಕಿಲೋಮೀಟರಿಗೂ ಮಿಕ್ಕ ದಾರಿ. ನಡುವೆ ಕೊಂಕಣದ ಘಾಟಿಗಳು.

ಆ ಬೆಳಗು ಎಂಜಿನನ್ನು ಚಾಲೂ ಮಾಡಿದಾಗ ಹಿಂದಿನಿಂದ ಬೆಳ್ಳನೆಯ ಹೊಗೆ ಮೋಡದಂತೆ ಎದ್ದಿತು. ಕಾವಲುಗಾರನು ಓಡಿಬಂದು, “ಸಾಹೇಬರೇ, ಗಾಡಿಗೆ ಬೆಂಕಿ ಹತ್ತಿದೆಯೇ?” ಎಂದ. ಅಂಗಳದಲ್ಲಿ ಎಳೆಬಿಸಿಲು ಕಾಯಿಸಿಕೊಳ್ಳುತ್ತಿದ್ದ ತಾಯಿ ಮೂಗನ್ನು ಸೆರಗಿನಿಂದ ಮುಚ್ಚಿಕೊಂಡು, “ಇದೆಂತದು, ಬೆಲ್ಲದ ಪಾಕ ತಳ ಹಿಡಿದ ಹಾಗೆ ವಾಸನೆ?” ಎಂದಳು. ಅವಳ ಮನಸ್ಸೆಲ್ಲ ಮದುವೆಯ ಮನೆಯ ಅಡಿಗೆಯಲ್ಲಿದೆಯೆಂದು ನಾವೆಲ್ಲ ನಕ್ಕುಬಿಟ್ಟೆವು. ಆ ಮಾತನ್ನು ನೆನಪಿನಲ್ಲಿಡಿ. ಮುಂದೆ ಅದೇ ಬೇಕಾಗುತ್ತದೆ.

ಇಬ್ಬರು ವೈದ್ಯರು, ಎರಡು ನಿದಾನ

ನೆರೆಯ ಮಿತ್ರರೊಬ್ಬರು ನನಗೆ ಧೈರ್ಯ ಹೇಳಿದರು. “ಚಳಿಗಾಲವಲ್ಲವೇ? ನಮ್ಮ ಬಾಯಿಂದಲೂ ಹಬೆ ಬರುವ ಕಾಲ. ಎಂಜಿನು ಬಿಸಿಯಾದರೆ ತಾನೇ ನಿಲ್ಲುತ್ತದೆ. ಸುಮ್ಮನೆ ಹೊರಡಿ.”

ದುಡಿಮೆಯ ಜಾಗಕ್ಕೆ ಹೋಗುವ ದಾರಿಯಲ್ಲಿದ್ದ ಗ್ಯಾರೇಜೊಂದರಲ್ಲಿ ಗಾಡಿಯನ್ನು ತೋರಿಸಿದೆ. ಅಲ್ಲಿಯ ಯಜಮಾನರು ಮುಚ್ಚಳವನ್ನು ಸಹ ತೆರೆಯದೆ ತಲೆ ಅಲ್ಲಾಡಿಸಿದರು. “ರಿಂಗು ಪಿಸ್ಟನ್ ಸವೆದಿದೆ. ಎಂಜಿನನ್ನು ಪೂರ್ತಿ ಬಿಚ್ಚಬೇಕು.” ಅವರು ಹೇಳಿದ ಮೊತ್ತವು ನನ್ನ ಮಗಳ ಕಾಲೇಜಿನ ಒಂದು ವರ್ಷದ ಖರ್ಚಿಗೆ ಸಮನಾಗಿತ್ತು. ಗಾಡಿಯನ್ನು ಬಿಟ್ಟುಹೋದರೆ ಒಂದು ತಿಂಗಳು ಹಿಡಿಯುವುದೆಂದೂ ಹೇಳಿದರು. ಎಂದರೆ ಮದುವೆಯೂ ಇಲ್ಲ, ಮಗಳ ಫೀಸಿಗೆಂದು ತೆಗೆದಿಟ್ಟ ಹಣವೂ ಇಲ್ಲ.

ಒಬ್ಬರು ಹೇಳಿದಂತೆ ಏನೂ ಆಗಿಲ್ಲ. ಇನ್ನೊಬ್ಬರು ಹೇಳಿದಂತೆ ಎಲ್ಲವೂ ಮುಗಿದಿದೆ. ನಾನು ಆ ಇಬ್ಬರ ನಡುವೆ ನಿದ್ರೆಗೆಟ್ಟು ಎರಡು ರಾತ್ರಿ ಕಳೆದೆ. ಮೂರನೆಯ ದಿನ ನೆನಪಾದವರು ನಮ್ಮ ಮೂರನೆಯ ಮಹಡಿಯಲ್ಲಿ ಮಗನ ಮನೆಯಲ್ಲಿರುವ ಹಿರಿಯರು. ಕುಂದಾಪುರದ ಕಡೆಯವರು, ಹದಿನೇಳರ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಮೊದಲು ಖಾನಾವಳಿಯಲ್ಲಿ ಲೋಟ ತೊಳೆದು, ಅನಂತರ ನಲವತ್ತು ವರ್ಷ ಕಪ್ಪು-ಹಳದಿ ಟ್ಯಾಕ್ಸಿಯನ್ನು ನಡೆಸಿದವರು.

ಅವರು ನಡೆಸಿದ್ದು ಪದ್ಮಿನಿಯನ್ನು. ಇಂದಿನ ಮಕ್ಕಳಿಗೆ ಆ ಹೆಸರು ಚಿತ್ರಗಳಲ್ಲಿ ಮಾತ್ರ ಪರಿಚಿತ. ವಾಲಚಂದ ಹೀರಾಚಂದರು ೧೯೪೪ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ನಮ್ಮ ಕುರ್ಲಾದ ಕಾರಖಾನೆಯಲ್ಲಿ ಇಟಲಿಯ ಫಿಯಟ್ ಗಾಡಿಯ ಮಾದರಿಯನ್ನು ತಯಾರಿಸುತ್ತಿತ್ತು. ೧೯೬೪ರಲ್ಲಿ ಫಿಯಟ್ ೧೧೦೦ ಡಿಲೈಟ್ ಎಂದು ಬಂದ ಗಾಡಿಯೇ ೧೯೭೪ರಿಂದ ಚಿತ್ತೋಡಿನ ರಾಣಿಯ ಹೆಸರನ್ನು ಹೊತ್ತಿತು. ೧೦೮೯ ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರಿನ ಆ ಪುಟ್ಟ ಎಂಜಿನು ಈ ನಗರವನ್ನು ಎಷ್ಟೋ ದಶಕಗಳ ಕಾಲ ಹೊತ್ತು ತಿರುಗಿತು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇರುವುದರಿಂದ, ೨೦೦೩ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ ೨೦೨೩ರ ಅಕ್ಟೋಬರ್ ಕೊನೆಗೆ ಬೀದಿಯಿಂದ ನಿವೃತ್ತವಾಯಿತು. ನಮ್ಮ ಹಿರಿಯರ ಗಾಡಿ ಅದಕ್ಕೂ ಬಹಳ ಮೊದಲೇ ಗುಜರಿಗೆ ಹೋಗಿತ್ತು; ಆದರೆ ಅದು ಕಲಿಸಿದ ವಿದ್ಯೆ ಅವರೊಡನೆ ಉಳಿದಿತ್ತು. “ಆಗ ಘಾಟಿಯಲ್ಲಿ ಗಾಡಿ ಕಾದರೆ ನಾವೇ ವೈದ್ಯರು, ನಾವೇ ದಾದಿಯರು. ಖಂಡಾಲೆಯ ಏರಿನಲ್ಲಿ ಬಾನೆಟ್ಟು ತೆರೆದು ನಿಂತ ಗಾಡಿಗಳ ಸಾಲನ್ನೇ ಕಾಣಬಹುದಿತ್ತು ಮಾರಾಯ್ರೆ,” ಎನ್ನುತ್ತಾರೆ ಅವರು.

ಅವರು ಹೊಗೆಯನ್ನು ನೋಡುವುದಕ್ಕೆ ಮೊದಲು ಒಂದು ಮಾತು ಹೇಳಿದರು: “ಹೊಗೆಯ ಬಣ್ಣ ನೋಡಿದರೆ ಸಾಲದು. ಎಷ್ಟು ಹೊತ್ತು ಬರುತ್ತದೆ, ಗಾಳಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಏನು ವಾಸನೆ, ಗಾಡಿಯೊಳಗೆ ಯಾವುದು ಕಡಿಮೆಯಾಗುತ್ತಿದೆ, ಈ ನಾಲ್ಕನ್ನು ಕೇಳಬೇಕು.”

ಬರಿಯ ಆವಿ ಯಾವುದು?

ಪೆಟ್ರೋಲಿನಲ್ಲಿ ಇಂಗಾಲವೂ ಜಲಜನಕವೂ ಇವೆ. ಅದು ಉರಿಯುವಾಗ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಸೈಲೆನ್ಸರಿನ ಮೂಲಕ ಹೊರಗೆ ಬೀಳುತ್ತದೆಯೆಂದರೆ ನಂಬುವುದು ಕಷ್ಟ; ಆದರೆ ಲೆಕ್ಕ ಅದೇ. ಸಿ.ಎನ್.ಜಿ. ಅನಿಲದಲ್ಲಿ ಜಲಜನಕದ ಪಾಲು ಇನ್ನೂ ಹೆಚ್ಚು. ಅದರ ಒಂದು ಕಿಲೋ ಉರಿದರೆ ಎರಡು ಕಿಲೋಗೂ ಮಿಕ್ಕಿ ನೀರು. ಸಂಜ್ಞಾದೀಪದ ಬಳಿ ನಿಂತ ನಮ್ಮ ಇಂದಿನ ಟ್ಯಾಕ್ಸಿಗಳ ಹಿಂದೆ ಹನಿಹನಿಯಾಗಿ ನೀರು ತೊಟ್ಟಿಕ್ಕುವುದನ್ನು ಕಂಡಿದ್ದರೆ ಅದರ ಗುಟ್ಟು ಇದೇ.

ಎಂಜಿನು ಬಿಸಿಯಾಗಿ, ಹೊರಗಿನ ಗಾಳಿಯೂ ಬೆಚ್ಚಗಿದ್ದರೆ ಈ ಆವಿ ಕಣ್ಣಿಗೆ ಕಾಣುವುದಿಲ್ಲ. ಬೆಳಗಿನ ಚಳಿಯಲ್ಲಿ, ಕೊಳವೆಯೂ ತಣ್ಣಗಿರುವಾಗ, ಅದು ಸಣ್ಣ ಸಣ್ಣ ಹನಿಗಳಾಗಿ ಬೆಳ್ಳಗೆ ಕಾಣುತ್ತದೆ. ನಮ್ಮ ಮುಂಬಯಿಯ ಸೆಕೆಯಲ್ಲಿ ಈ ನೋಟ ಅಪರೂಪ; ಅದರಿಂದಲೇ ನಮಗೆ ಗಾಬರಿಯೂ ಹೆಚ್ಚು. ಮಡಿಕೇರಿಯಲ್ಲಿಯೋ ಚಿಕ್ಕಮಗಳೂರಿನಲ್ಲಿಯೋ ಇರುವವರು ಇದನ್ನು ಚಳಿಗಾಲವಿಡೀ ಕಾಣುತ್ತಾರೆ, ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಗುರುತು ಹಿಡಿಯುವುದು ಹೇಗೆ? ನಮ್ಮ ಗೃಹಿಣಿಯರಿಗೆ ಇದನ್ನು ಕಲಿಸಬೇಕಾಗಿಲ್ಲ. ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಆವಿ ಒಂದೆರಡು ಮೊಳ ಏರುವಷ್ಟರಲ್ಲಿ ಮಾಯವಾಗುತ್ತದೆ. ಊದುಬತ್ತಿಯ ಹೊಗೆಯಾದರೋ ಕೋಣೆಯ ಆ ಮೂಲೆಯವರೆಗೆ ತೇಲಿ ಹೋಗುತ್ತದೆ. ಮೋಟಾರಿನದೂ ಹಾಗೆಯೇ. ತೆಳ್ಳಗಿದ್ದು, ಕೊಳವೆಯ ಬಾಯಿಂದ ಸ್ವಲ್ಪ ದೂರದಲ್ಲೇ ಕರಗಿ, ಗಾಡಿ ಓಡಿ ಬಿಸಿಯಾದ ಐದು ಹತ್ತು ನಿಮಿಷಗಳಲ್ಲಿ ನಿಂತುಹೋದರೆ ಅದು ಆವಿ, ಚಿಂತೆಗೆ ಕಾರಣವಿಲ್ಲ. ದಟ್ಟವಾಗಿದ್ದು, ಗಾಡಿಯ ಹಿಂದೆ ಬಾಲದಂತೆ ತೇಲಿ, ಇಪ್ಪತ್ತು ನಿಮಿಷ ಓಡಿಸಿದ ಮೇಲೂ ನಿಲ್ಲದಿದ್ದರೆ ಅದಕ್ಕೆ ಬೇರೆ ಕಾರಣವನ್ನು ಹುಡುಕಬೇಕು.

ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಠಾಣೆಯವರೆಗೆ ಹೋಗಿ ಬಂದೆ. ಹೊಗೆ ನಿಂತಿರಲಿಲ್ಲ. ನೆರೆಯ ಮಿತ್ರರ ನಿದಾನ ಅಲ್ಲಿಗೆ ಬಿದ್ದುಹೋಯಿತು.

ಬೆಂಕಿ, ನೀರು, ಎಣ್ಣೆ

ಎಂಜಿನೆಂಬುದು ಪರಸ್ಪರ ಆಗದ ಮೂವರು ಒಂದೇ ಮನೆಯಲ್ಲಿ ಬಾಳುವ ಅವಿಭಕ್ತ ಕುಟುಂಬ. ಸಿಲಿಂಡರಿನೊಳಗೆ ಬೆಂಕಿ, ಉರಿಯುವ ಕ್ಷಣದಲ್ಲಿ ಅಲ್ಲಿಯ ಅನಿಲದ ಶಾಖ ೨೦೦೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಅದರ ಸುತ್ತಲಿನ ಕಾಲುವೆಗಳಲ್ಲಿ ಸುಮಾರು ೯೦ ಡಿಗ್ರಿಯ ನೀರು, ಎಂದರೆ ಕೂಲಂಟ್. ಬೇರೆ ಓಣಿಗಳಲ್ಲಿ ಎಣ್ಣೆ. ಎಂಜಿನಿನ ಕೆಳಭಾಗವಾದ ಬ್ಲಾಕಿಗೂ ಮೇಲಿನ ತಲೆಗೂ ನಡುವೆ ಹೆಡ್ ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆಯಿದೆ. ಈ ಮೂವರೂ ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗದಂತೆ ತಡೆದಿರುವುದು ಅದೇ.

ಎಂಜಿನು ಅತಿಯಾಗಿ ಕಾದಾಗ ಈ ಗೋಡೆಗೆ ಅಪಾಯ. ಅನೇಕ ಗಾಡಿಗಳಲ್ಲಿ ಬ್ಲಾಕು ಬೀಡುಕಬ್ಬಿಣದ್ದು, ತಲೆ ಅಲ್ಯೂಮಿನಿಯಮ್ಮಿನದು. ಒಂದೇ ಶಾಖಕ್ಕೆ ಅಲ್ಯೂಮಿನಿಯಮ್ಮು ಬೀಡುಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ತಲೆಯು ಮೊಳೆಗಳಿಂದ ಬಿಗಿಯಲ್ಪಟ್ಟಿರುವುದರಿಂದ ಹಿಗ್ಗಲು ಎಡೆಯಿಲ್ಲದೆ ಬಾಗುತ್ತದೆ. ಬಾಗಿದಲ್ಲಿ ಗ್ಯಾಸ್ಕೆಟ್ಟಿನ ಹಿಡಿತ ಸಡಿಲವಾಗಿ ಕೂಲಂಟು ಸಿಲಿಂಡರಿನೊಳಕ್ಕೆ ಜಿನುಗುತ್ತದೆ. ಬೆಂಕಿಗೆ ಸಿಕ್ಕಿ ಆವಿಯಾಗಿ ಹಿಂದಿನಿಂದ ಬೆಳ್ಳಗೆ ಹೊರಡುತ್ತದೆ. ಬಿಸಿಯಾದ ಪೆಟ್ರೋಲು ಗಾಡಿಯಲ್ಲಿ ನಿಲ್ಲದ ಬಿಳಿಯ ಹೊಗೆಗೆ ಹೆಚ್ಚಾಗಿ ಇದೇ ಕಾರಣ. ತಲೆಯಲ್ಲಿಯೋ ಬ್ಲಾಕಿನಲ್ಲಿಯೋ ಬಿರುಕು ಬಿಟ್ಟಿದ್ದರೂ ಇದೇ ಲಕ್ಷಣ.

ಕೂಲಂಟಿನಲ್ಲಿ ಇರುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವದ ವಾಸನೆ ಸಿಹಿ. ಹಿರಿಯರು ಅಂಗಳದಲ್ಲಿ ನಿಂತು, “ಹೊಗೆಗೆ ಸಿಹಿ ವಾಸನೆ ಉಂಟಾ?” ಎಂದು ಕೇಳಿದಾಗ ನನ್ನ ಮುಖ ಕೆಂಪಾಯಿತು. ಮೊದಲ ದಿನವೇ ಸರಿಯಾದ ನಿದಾನವನ್ನು ಹೇಳಿದ್ದವಳು, ಮೋಟಾರಿನ ಚಕ್ರವನ್ನು ಎಂದೂ ಮುಟ್ಟದ ನನ್ನ ತಾಯಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ವಾಸನೆಯೊಂದನ್ನೇ ನಂಬಿ ಹಿರಿಯರು ತೀರ್ಪು ಕೊಡಲಿಲ್ಲ. ಅವರು ಮಾಡಿಸಿದ ಪರೀಕ್ಷೆಗಳನ್ನು ಯಾರೂ ಮಾಡಬಹುದು. ಒಂದೇ ಷರತ್ತು: ಎಲ್ಲವನ್ನೂ ಬೆಳಗ್ಗೆ, ರಾತ್ರಿಯಿಡೀ ತಣಿದ ಎಂಜಿನಿನ ಮೇಲೆ ಮಾಡಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆಗೆಯಲೇಬಾರದು. ಅದರೊಳಗಿನ ನೀರು ಒತ್ತಡದಲ್ಲಿರುವುದರಿಂದ ೧೦೦ ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹಾಗೆ ಸುಟ್ಟುಕೊಂಡ ಕೈಗುರುತನ್ನು ಹಿರಿಯರು ನನಗೆ ತೋರಿಸಿದರು.

ಮೊದಲನೆಯದು ಕೂಲಂಟಿನ ಮಟ್ಟ. ಅದರ ಡಬ್ಬಿಯ ಮೇಲೆ ಮಟ್ಟಕ್ಕೆ ಸರಿಯಾಗಿ ಒಂದು ಅಂಟುಪಟ್ಟಿಯನ್ನು ಹಚ್ಚಿ, ನಾಲ್ಕು ಬೆಳಗು ನೋಡಿದೆವು. ನಿತ್ಯವೂ ಸುಮಾರು ಅರ್ಧ ಲೋಟದಷ್ಟು ಇಳಿಯುತ್ತಿತ್ತು. ಗಾಡಿಯ ಕೆಳಗೆ ಹಳೆಯ ವೃತ್ತಪತ್ರಿಕೆಯನ್ನು ಹಾಸಿಟ್ಟೆವು. ಒಂದು ಹನಿಯೂ ಬಿದ್ದಿರಲಿಲ್ಲ. ಕೊಳವೆಗಳಲ್ಲಿ ಸೋರಿಕೆಯಿಲ್ಲ, ನೆಲದಲ್ಲಿ ನೀರಿಲ್ಲ, ಆದರೂ ಮಟ್ಟ ಇಳಿಯುತ್ತಿದೆಯೆಂದರೆ ಅದು ಒಳಗೇ ಉರಿದು ಹೋಗುತ್ತಿರಬೇಕು.

ಎರಡನೆಯದು ಎಣ್ಣೆ. ಅಳೆಯುವ ಕಡ್ಡಿಯನ್ನು ಎಳೆದು ನೋಡಿದರೆ ಎಣ್ಣೆಯ ಮಟ್ಟ ಸರಿಯಾಗಿಯೇ ಇತ್ತು. ರಿಂಗು ಸವೆದಿದ್ದರೆ ಎಣ್ಣೆ ಉರಿದು ಕಡಿಮೆಯಾಗಬೇಕು, ಹೊಗೆ ನೀಲಿ ಛಾಯೆಯದಾಗಬೇಕು, ವಾಸನೆ ಕರಕಲಾಗಬೇಕು. ಮೂರೂ ಇರಲಿಲ್ಲ. ಗ್ಯಾರೇಜಿನ ಯಜಮಾನರ ನಿದಾನವೂ ಅಲ್ಲಿಗೆ ಬಿದ್ದಿತು. ಎಣ್ಣೆಯೊಳಗೆ ನೀರು ಸೇರಿದ್ದರೆ ಅದು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅದೂ ನಮ್ಮಲ್ಲಿ ಆಗಿರಲಿಲ್ಲ. ಇಲ್ಲಿ ಒಂದು ಎಚ್ಚರಿಕೆ: ನಿತ್ಯವೂ ಸ್ವಲ್ಪ ದೂರ ಮಾತ್ರ ಓಡುವ ಗಾಡಿಗಳಲ್ಲಿ, ಮಳೆಗಾಲದ ತೇವದಿಂದಲೇ ಎಣ್ಣೆ ಹಾಕುವ ಮುಚ್ಚಳದ ಒಳಬದಿಗೆ ಕೆನೆಯಂತಹದು ಸ್ವಲ್ಪ ಹತ್ತಿರುವುದುಂಟು. ಕಡ್ಡಿಯಲ್ಲಿಯೂ ಅದು ಕಾಣಿಸದೆ ಹೆದರಬಾರದು.

ಮೂರನೆಯದು ಗುಳ್ಳೆ. ತಣ್ಣನೆಯ ಎಂಜಿನಿನ ರೇಡಿಯೇಟರು ಮುಚ್ಚಳ ತೆಗೆದು ಚಾಲೂ ಮಾಡಿದರೆ, ಒಳಗೆ ಸಿಕ್ಕಿದ್ದ ಗಾಳಿಯ ಒಂದೆರಡು ಗುಳ್ಳೆಗಳು ಬರುವುದು ಸಹಜ. ನಮ್ಮದರಲ್ಲಿ ಅವು ನಿಲ್ಲದೆ ಸೋಡಾ ಶೀಶೆಯಂತೆ ಬರುತ್ತಲೇ ಇದ್ದುವು. ನೀರು ಸಿಲಿಂಡರಿಗೆ ಹೋಗುವ ದಾರಿಯಲ್ಲೇ ಸಿಲಿಂಡರಿನ ಅನಿಲವೂ ನೀರಿಗೆ ಬರುತ್ತಿತ್ತು. ಅದೇ ಕಾರಣದಿಂದ, ಮುಚ್ಚಳ ಹಾಕಿ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಬಿಸಿಯಾಗುವ ಮೊದಲೇ, ಮೇಲಿನ ರಬ್ಬರು ಕೊಳವೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು.

ವಾಸನೆಯನ್ನು ನೋಡುವವರು ಕೊಳವೆಗೆ ಮೂಗು ಹಚ್ಚಬಾರದು. ಕೈಯಿಂದ ಗಾಳಿ ಬೀಸಿಕೊಂಡು ದೂರದಿಂದಲೇ ನೋಡಬೇಕು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಜೀವವನ್ನೇ ತೆಗೆಯಬಲ್ಲದು. ನೆಲಮಾಳಿಗೆಯ ನಿಲ್ದಾಣಗಳಲ್ಲಿ ಈ ಪರೀಕ್ಷೆ ಸಲ್ಲದು. ಕೂಲಂಟೂ ವಿಷವೇ. ಸಿಹಿಯಾಗಿರುವುದರಿಂದ ಮಕ್ಕಳೂ ಅಂಗಳದ ನಾಯಿಬೆಕ್ಕುಗಳೂ ನೆಕ್ಕುವ ಭಯವಿದೆ. ಚೆಲ್ಲಿದ್ದನ್ನು ಕೂಡಲೆ ತೊಳೆಯಬೇಕು.

ಕೊನೆಯ ಮಾತು ಕಾರಖಾನೆಯ ಉಪಕರಣಗಳದು. ನೀರಿನ ಕಾಲುವೆಗಳಿಗೆ ಗಾಳಿಯ ಒತ್ತಡ ಕೊಟ್ಟು ಅದು ನಿಲ್ಲುತ್ತದೆಯೇ ಎಂದು ನೋಡುವುದು. ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯುವುದು. ರೇಡಿಯೇಟರಿನಿಂದ ಬರುವ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಹಾಯಿಸುವುದು. ಉರಿದ ಅನಿಲವಿದ್ದರೆ ಆ ನೀಲಿ ಹಳದಿಗೆ ತಿರುಗುತ್ತದೆ. ಎಂಜಿನನ್ನು ಬಿಚ್ಚುವ ಮೊದಲು ಇವುಗಳಲ್ಲಿ ಒಂದನ್ನಾದರೂ ಮಾಡಿ ತೋರಿಸೆಂದು ಕೇಳುವ ಹಕ್ಕು ಹಣ ಕೊಡುವವನಿಗೆ ಇದೆ. ಹಿರಿಯರು ಪರಿಚಯಿಸಿದ ಇನ್ನೊಬ್ಬ ಮೇಸ್ತ್ರಿಯಲ್ಲಿ ಹಾಗೆ ಕೇಳಿದೆ. ನನ್ನ ಕಣ್ಣೆದುರಿಗೇ ನೀಲಿ ಹಳದಿಯಾಯಿತು.

ಹೊಗೆಗೆ ಕಾರಣನಾದವನು

ಮೇಸ್ತ್ರಿಯು ಹೆಡ್ಡನ್ನು ಬಿಚ್ಚಿದಾಗ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ಟು ಸುಟ್ಟಿತ್ತು. ಅದಕ್ಕೆ ಕಾರಣನಾದವನು ಯಾರೆಂದು ಹುಡುಕುತ್ತ ಹೋದರೆ ಸಿಕ್ಕವನು ನಾನೇ. ರೇಡಿಯೇಟರಿನ ವಿದ್ಯುತ್ ಪಂಖ ಯಾವಾಗಲೋ ನಿಂತುಹೋಗಿತ್ತು. ಗಾಡಿ ಓಡುತ್ತಿರುವಾಗ ಎದುರುಗಾಳಿಯೇ ಸಾಕಾಗುವುದರಿಂದ ಅದು ತಿಳಿಯುವುದಿಲ್ಲ. ಘೋಡಬಂದರ ರಸ್ತೆಯ ವಾಹನದಟ್ಟಣೆಯಲ್ಲಿ ಮುಕ್ಕಾಲು ಗಂಟೆ ನಿಂತ ಒಂದು ಸಂಜೆ ಶಾಖದ ಮುಳ್ಳು ಕೆಂಪು ಗೆರೆಯ ಹತ್ತಿರ ಹೋದುದನ್ನು ನಾನು ಕಂಡಿದ್ದೆ. ಮನೆ ಇನ್ನೇನು ಹತ್ತಿರವೆಂದು ಹಾಗೆಯೇ ಓಡಿಸಿಕೊಂಡು ಬಂದೆ. ಅದಲ್ಲದೆ ಎರಡು ವರ್ಷಗಳಿಂದ ಕೂಲಂಟಿನ ಬದಲು ನಲ್ಲಿಯ ನೀರನ್ನೇ ತುಂಬುತ್ತಿದ್ದೆ. ಬರಿಯ ನೀರಿನಿಂದ ಕಾಲುವೆಗಳಲ್ಲಿ ತುಕ್ಕೂ ಸುಣ್ಣದ ಕಿಟ್ಟವೂ ಕಟ್ಟುತ್ತವೆ. ಕೂಲಂಟು ಚಳಿದೇಶದವರಿಗೆ ಮಾತ್ರವೆಂದು ನಾನು ತಿಳಿದಿದ್ದೆ. ಕುದಿಯುವ ಶಾಖವನ್ನು ಏರಿಸುವುದೂ ತುಕ್ಕನ್ನು ತಡೆಯುವುದೂ ಅದರ ಕೆಲಸವೆಂದು ಆಗ ತಿಳಿಯಿತು.

ದುರಸ್ತಿಯ ವಿಷಯದಲ್ಲಿ ಎರಡು ಮಾತು. ಹೊಸ ಗ್ಯಾಸ್ಕೆಟ್ಟನ್ನು ಹಾಕಿದರಷ್ಟೇ ಸಾಲದು. ತಲೆ ಬಾಗಿದೆಯೇ ಎಂದು ನೇರಪಟ್ಟಿಯನ್ನಿಟ್ಟು, ಎಡೆಯನ್ನು ತೆಳುಹಾಳೆಯ ಮಾಪಕದಿಂದ ನೋಡಬೇಕು. ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಬಾಗೂ ಲೆಕ್ಕಕ್ಕೆ ಬರುತ್ತದೆ. ಬಾಗಿದ್ದರೆ ಯಂತ್ರದಲ್ಲಿ ತಿಕ್ಕಿಸಿ ಸಮಮಾಡಿಸಬೇಕು. ಇದನ್ನು ಬಿಟ್ಟರೆ ಕೆಲವು ತಿಂಗಳಲ್ಲೇ ಹಳೆಯ ಕಥೆ ಮರಳುತ್ತದೆ. ಮೊಳೆಗಳನ್ನು ನಡುವಿನಿಂದ ಹೊರಕ್ಕೆ, ತಯಾರಕರು ಹೇಳಿದ ಕ್ರಮದಲ್ಲಿ, ಅಳತೆಯ ಕೀಲಿಯಿಂದಲೇ ಬಿಗಿಯಬೇಕು. ಈಗಿನ ಎಷ್ಟೋ ಗಾಡಿಗಳಲ್ಲಿ ಹಳೆಯ ಮೊಳೆಗಳನ್ನು ಮತ್ತೆ ಬಳಸುವಂತಿಲ್ಲ. ಎಣ್ಣೆಯನ್ನೂ ಕೂಲಂಟನ್ನೂ ಹೊಸದಾಗಿ ತುಂಬಬೇಕು. ಸೋರಿಕೆಯನ್ನು ನಿಲ್ಲಿಸುವುದೆಂದು ಮಾರುವ ಪುಡಿದ್ರವಗಳನ್ನು ಸುರಿಯುವವರುಂಟು; ಅವು ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚಿಬಿಡಬಹುದು.

ನನಗಾದ ಖರ್ಚು ಮೊದಲ ಗ್ಯಾರೇಜಿನವರು ಹೇಳಿದುದರ ನಾಲ್ಕನೆಯ ಒಂದು ಪಾಲಿಗೂ ಕಡಿಮೆ. ಹಿಡಿದ ದಿನ ಆರು. ಮಗಳ ಫೀಸು ಉಳಿಯಿತು. ಆದರೆ ನೆರೆಯ ಮಿತ್ರರ ಮಾತು ಕೇಳಿ ಸುಮ್ಮನೆ ಹೊರಟಿದ್ದರೆ ಏನಾಗುತ್ತಿತ್ತೆಂದು ನೆನೆದಾಗ ಮೈ ನಡುಗುತ್ತದೆ. ಪೋಲಾದಪುರದ ಆಚೆಗಿನ ಯಾವುದೋ ಏರಿನಲ್ಲಿ, ಕತ್ತಲೆಯಲ್ಲಿ, ನೀರೆಲ್ಲ ಬತ್ತಿದ ಎಂಜಿನು ಹಿಡಿದುಕೊಂಡು ನಿಂತಾಗ, ಹಿಂದಿನ ಸೀಟಿನಲ್ಲಿ ಎಂಬತ್ತರ ಮುದುಕಿ.

ಬೇರೆ ಗಾಡಿ, ಬೇರೆ ಹೊಗೆ

ಎಲ್ಲ ಬಿಳಿಯ ಹೊಗೆಯೂ ಗ್ಯಾಸ್ಕೆಟ್ಟಿನದಲ್ಲ. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಒತ್ತಿದ ಗಾಳಿಯ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಆ ಶಾಖ ಸಾಲದಿದ್ದರೆ, ಇಲ್ಲವೆ ಇಂಜೆಕ್ಟರು ಸರಿಯಾಗಿ ಸಿಂಪಡಿಸದೆ ತೊಟ್ಟಿಕ್ಕಿದರೆ, ಇಲ್ಲವೆ ಇಂಧನ ಬೀಳುವ ಹೊತ್ತು ತಪ್ಪಿದರೆ, ಉರಿಯದ ಡೀಸೆಲ್ಲೇ ಬಿಳಿಯ ಹೊಗೆಯಾಗಿ ಬರುತ್ತದೆ. ಅದರ ಗುರುತು ಕಣ್ಣುರಿ ಮತ್ತು ಹಸಿ ಡೀಸೆಲಿನ ವಾಸನೆ. ಬೆಳಗ್ಗೆ ಮಾತ್ರ ಹೀಗಾಗುತ್ತಿದ್ದರೆ ಮೊದಲು ಗ್ಲೋ ಪ್ಲಗ್ಗುಗಳನ್ನು ನೋಡಿಸಿ. ಟರ್ಬೊ ಇರುವ ಗಾಡಿಯಲ್ಲಿ ಅದರ ಸೀಲು ಹೋದರೆ ನೀಲಿ ಬೆರೆತ ದಟ್ಟ ಬಿಳುಪು ಹೊಗೆ ಬರುತ್ತದೆ, ಎಣ್ಣೆ ಬೇಗ ಇಳಿಯುತ್ತದೆ. ಕಪ್ಪು ಹೊಗೆಯೆಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ. ಹಲವು ವೇಳೆ ಕೊಳೆತುಂಬಿದ ಏರ್ ಫಿಲ್ಟರೇ ಅಪರಾಧಿ. ಅಪರೂಪಕ್ಕೆ ಬ್ರೇಕಿನ ದ್ರವವು ಬೂಸ್ಟರಿನ ಮೂಲಕ ಎಂಜಿನಿಗೆ ಎಳೆಯಲ್ಪಟ್ಟು ಬಿಳಿಯ ಹೊಗೆಯಾಗುವುದುಂಟು. ಆದುದರಿಂದ ಆ ಡಬ್ಬಿಯ ಮಟ್ಟವನ್ನೂ ನೋಡಿ; ಅಲ್ಲಿ ಕೆಟ್ಟರೆ ಕೆಡುವುದು ಬರಿಯ ಎಂಜಿನಲ್ಲ.

ಮುಂಬಯಿಯವರಿಗೆ ವಿಶೇಷವಾಗಿ ಹೇಳಬೇಕಾದುದು ಮಳೆಗಾಲದ ಮಾತು. ೨೦೦೫ರ ಜುಲೈ ೨೬ರಂದು ಸಾಂತಾಕ್ರುಜ್‌ನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರು ಮಳೆ ಸುರಿದುದನ್ನು ನಾವು ಯಾರೂ ಮರೆತಿಲ್ಲ. ಹಿಂದಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇಗಳಲ್ಲಿ ನೀರು ನಿಲ್ಲುವುದಂತೂ ನಮಗೆ ಪರಿಚಿತವಾದ ನೋಟ. ನಿಂತ ನೀರಿನಲ್ಲಿ ಹಾದುಬಂದ ಮೇಲೆ ಸೈಲೆನ್ಸರಿನಲ್ಲಿ ಉಳಿದ ನೀರು ಕುದಿದು ಕೆಲವು ನಿಮಿಷ ಬಿಳಿಯ ಆವಿ ಬಂದರೆ ಅದು ನಿರಪಾಯ. ಆದರೆ ಎಂಜಿನು ನೀರಿನ ನಡುವೆಯೇ ನಿಂತುಹೋದರೆ ಮತ್ತೆ ಚಾಲೂ ಮಾಡಲು ಯತ್ನಿಸಬೇಡಿ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸಿಲಿಂಡರಿನಲ್ಲಿ ನೀರು ಇರುವಾಗ ಎಂಜಿನನ್ನು ತಿರುಗಿಸಿದರೆ ಕನೆಕ್ಟಿಂಗ್ ರಾಡೇ ಬಾಗಿಬಿಡುತ್ತದೆ. ನೂಕಿಸಿಕೊಂಡೋ ಎಳೆಸಿಕೊಂಡೋ ಹೋಗುವುದೇ ಲಾಭ.

ಪಿ.ಯು.ಸಿ. ಪ್ರಮಾಣಪತ್ರವಿದೆಯಲ್ಲ, ಎನ್ನುವವರಿಗೆ ಒಂದು ಮಾತು. ಪೆಟ್ರೋಲು ಗಾಡಿಯಲ್ಲಿ ಆ ಯಂತ್ರ ಅಳೆಯುವುದು ಕಾರ್ಬನ್ ಮಾನಾಕ್ಸೈಡನ್ನೂ ಉರಿಯದ ಇಂಧನದ ಅಂಶವನ್ನೂ. ಒಳಗೆ ಕೂಲಂಟು ಸೋರುತ್ತಿದೆಯೇ ಎಂಬುದನ್ನು ಅದು ಕೇಳುವುದಿಲ್ಲ. ನನ್ನ ಗಾಡಿಯ ಪ್ರಮಾಣಪತ್ರಕ್ಕೆ ಆಗ ಇನ್ನೂ ನಾಲ್ಕು ತಿಂಗಳ ಆಯುಸ್ಸು ಇತ್ತು.

ದಾರಿಯಲ್ಲಿ ಮುಳ್ಳು ಏರಿದರೆ ಮಾಡಬೇಕಾದುದಿಷ್ಟು: ಎ.ಸಿ.ಯನ್ನು ನಿಲ್ಲಿಸಿ, ಹೀಟರನ್ನು ಪೂರ್ತಿ ತೆರೆಯಿರಿ. ಅದೂ ಒಂದು ಪುಟ್ಟ ರೇಡಿಯೇಟರೇ. ಆದರೂ ಮುಳ್ಳು ಇಳಿಯದಿದ್ದರೆ ಬದಿಗೆ ನಿಲ್ಲಿಸಿ ಎಂಜಿನನ್ನು ಆರಿಸಿ. ಮುಚ್ಚಳವನ್ನು ಮುಟ್ಟದೆ ಒಂದು ಗಂಟೆಯಾದರೂ ಕಾಯಿರಿ. ಕಾದ ಎಂಜಿನಿನ ಮೇಲೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡುತ್ತದೆ. ನನ್ನಂತೆ, ಮನೆ ಹತ್ತಿರವೆಂದು ಓಡಿಸಬೇಡಿ. ಆ ಹತ್ತು ನಿಮಿಷಕ್ಕೆ ತೆತ್ತ ಬೆಲೆಯನ್ನು ಮೇಲೆ ಹೇಳಿದ್ದೇನೆ.

ಫೆಬ್ರವರಿಯಲ್ಲಿ ನಾವು ಊರಿಗೆ ಹೋದೆವು. ಮುಳ್ಳು ದಾರಿಯುದ್ದಕ್ಕೂ ನಡುವಿನಲ್ಲೇ ನಿಂತಿತ್ತು; ಪ್ರತಿ ಘಾಟಿಯಲ್ಲಿ ನನ್ನ ಕಣ್ಣು ಅದರ ಮೇಲೆಯೇ ಇತ್ತು. ಮದುವೆಯ ದಿನ ಬೆಳಗ್ಗೆ ತೋಟದ ಮೇಲೆಲ್ಲ ಮಂಜು. ತಾಯಿಯನ್ನು ಕೂರಿಸಿ ಗಾಡಿಯನ್ನು ಚಾಲೂ ಮಾಡಿದೆ. ಹಿಂದಿನಿಂದ ತೆಳ್ಳನೆಯ ಬಿಳಿಯ ಎಳೆಯೊಂದು ಎದ್ದಿತು. ನನ್ನ ಎದೆ ಧಸಕ್ಕೆಂದಿತು. ಇಳಿದು ಹಿಂದಕ್ಕೆ ಹೋಗಿ ನಿಂತೆ. ತಾಯಿ ಕಿಟಕಿಯ ಗಾಜನ್ನು ಇಳಿಸಿ, ಕತ್ತನ್ನು ಹೊರಗೆ ಚಾಚಿ, ಒಮ್ಮೆ ಮೂಸಿ ನೋಡಿದಳು.

“ಇವತ್ತು ವಾಸನೆ ಇಲ್ಲ. ಹೊರಡು, ಮುಹೂರ್ತಕ್ಕೆ ಹೊತ್ತಾಯಿತು,” ಎಂದಳು.

ಗದ್ದೆಯ ಏರಿಯನ್ನು ದಾಟುವಷ್ಟರಲ್ಲಿ ಆವಿ ನಿಂತಿತ್ತು.